ಹಾರ ಹಾಕಿದ ಕುರ್ಚಿ

ಉಚ್ಚೆ ಎಂಬ ಮಾತನ್ನು ಬಾಯಿಬಿಟ್ಟು ಹೇಳಲಾರದವರೆಲ್ಲ ಸೇರಿ ಉಚ್ಚೆಯ ಬಗ್ಗೆ ತರಬೇತಿ ಕೊಡಿಸಲು ಹೊರಟಿದ್ದರು. ಕೊಡಬೇಕಾದವಳು ನಾನು. ನಿವೃತ್ತಿಯಾಗುವವರೆಗೆ ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ದುಡಿದು, ಈಗ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂತಿದ್ದವಳನ್ನು ಹುಡುಕಿಕೊಂಡು ಹರಿಹರದ ಒಂದು ವೃದ್ಧರ ಆರೈಕೆ ಕೇಂದ್ರದ ಮ್ಯಾನೇಜರರು ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೊರಳಲ್ಲಿ ತಮ್ಮದೇ ಫೋಟೊ ಇರುವ ಗುರುತಿನ ಚೀಟಿ. ಚಹಾ ಕುಡಿದರು, ಬಿಸಿಲಿನ ಬಗ್ಗೆ ಮಾತಾಡಿದರು, ಲೋಟ ಕೆಳಗಿಟ್ಟು ದನಿ ತಗ್ಗಿಸಿದರು.

"ನಮ್ಮಲ್ಲಿ ಸ್ವಲ್ಪ ಆ ಪ್ರಾಬ್ಲಂ ಐತ್ರಿ ಮೇಡಂ."

"ಯಾವ ಪ್ರಾಬ್ಲಂ?"

"ಅದೇರಿ, ವಯಸ್ಸಾದೋರಿಗೆ ಇರ್ತೈತಲ್ರಿ... ಕಂಟ್ರೋಲ್ ಪ್ರಾಬ್ಲಂ."

"ಹಾಸಿಗ್ಯಾಗ ಉಚ್ಚೆ ಹೋಗ್ತಾರಾ?"

ಮನುಷ್ಯ ಬೆಚ್ಚಿಬಿದ್ದು ಬಾಗಿಲ ಕಡೆ ನೋಡಿದರು. ಬೀದಿಯವರಿಗೆ ಕೇಳಿಸಿತೇನೋ ಎಂಬ ಭಯ. ಇವರೇ ಉಚ್ಚೆ ಹೊಯ್ದು ಸಿಕ್ಕಿಬಿದ್ದ ಹಾಗೆ ಮುಖ ಹುಳ್ಳಗೆ ಮಾಡಿಕೊಂಡು ತಲೆ ಆಡಿಸಿದರು. ಅಲ್ಲಿದ್ದ ಒಬ್ಬ ಮುದುಕರ ಮಗಳು ಅಪ್ಪನ ಬೆನ್ನ ತುಂಬ ಹುಣ್ಣಾದದ್ದನ್ನು ನೋಡಿ, ರಂಪ ಮಾಡಿ, ಅಪ್ಪನನ್ನು ಎಬ್ಬಿಸಿಕೊಂಡು ಹೋಗಿದ್ದಳಂತೆ. ಅದಕ್ಕೇ ಈ ತರಬೇತಿ. ಹುಣ್ಣು ಆಗದ ಹಾಗೆ ನೋಡಿಕೊಳ್ಳಲಿಕ್ಕಲ್ಲ, ತರಬೇತಿ ಪಡೆದ ಸಿಬ್ಬಂದಿ ಇದ್ದಾರೆ ಎಂದು ಗೇಟಿಗೆ ಬೋರ್ಡು ಹಾಕಲಿಕ್ಕೆ. ಅದನ್ನೂ ಅವರೇ ಹೇಳಿದರು, ಒಂಚೂರೂ ನಾಚಿಕೆಯಿಲ್ಲದೆ. ನಾಚಿಕೆಯೆಲ್ಲ ಆ ಇನ್ನೊಂದು ಮಾತಿಗೇ ಖರ್ಚಾಗಿತ್ತು.

ಹೋಗಬೇಡ ಎಂದು ಮನೆಯವರು ಅಂದರು. ನಾನು ಹೋದೆ. ಮೊದಲ ದಿನ ಹಾಲ್‌ಗೆ ಕಾಲಿಟ್ಟರೆ ಮಲ್ಲಿಗೆ ವಾಸನೆಯ ಸ್ಪ್ರೇ ಮೂಗಿಗೆ ಹೊಡೆಯಿತು. ಮಲ್ಲಿಗೆಯ ಕೆಳಗೆ ಫಿನಾಯಿಲು, ಫಿನಾಯಿಲಿನ ಕೆಳಗೆ ನನಗೆ ಚೆನ್ನಾಗಿ ಗೊತ್ತಿರುವ ವಾಸನೆ. ಗೋಡೆಗೆ ಬ್ಯಾನರು ಕಟ್ಟಿದ್ದರು. ಅದರಲ್ಲಿ "ಹಿರಿಯರ ವಿಶೇಷ ಆರೈಕೆ" ಎಂದಿತ್ತು. ಎಂಥ ವಿಶೇಷವಪ್ಪಾ, ಮಕ್ಕಳು ಮುದುಕರಾದಿಯಾಗಿ ಎಲ್ಲರೂ ದಿನಾ ಮಾಡುವ ಕೆಲಸ! ಸಿಬ್ಬಂದಿಯ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದರು. ಅವರಲ್ಲಿ ಹಿರಿಯವಳು ಕಡರನಾಯಕನಹಳ್ಳಿಯ ಒಬ್ಬ ಆಯಾ, ಗಟ್ಟಿ ಮೈಕಟ್ಟು, ಅದಕ್ಕಿಂತ ಗಟ್ಟಿ ಬಾಯಿ. ಇಲ್ಲಿ ಮುದುಕರು ಪಾಯಿಖಾನೆಗೆ ಹೋಗಲು ಏನು ವ್ಯವಸ್ಥೆ ಎಂದು ನಾನು ಕೇಳಿದ ಕೂಡಲೇ ಅವಳೇ ಉತ್ತರ ಕೊಟ್ಟಳು.

"ಹೋಗೋ ತ್ರಾಸೇ ಇಟ್ಟಿಲ್ಲ ಮೇಡಂ. ಬೆಳಿಗ್ಗೆ ಎದ್ದ ಕೂಡ್ಲೆ ಎಲ್ಲಾರ್ನೂ ಪ್ಯಾಕ್ ಮಾಡಿಬಿಡ್ತೀವಿ."

ಪ್ಯಾಕ್ ಎಂದರೆ ಡೈಪರ್. ಏಳಲಾರದವರಿಗೆ ಮಾತ್ರವಲ್ಲ, ಕೋಲೂರಿಕೊಂಡು ಗೇಟಿನವರೆಗೆ ಹೋಗಿ ಪೇಪರ್ ಇಸಕೊಂಡು ಬರುವವರಿಗೂ. ಬೆಳಿಗ್ಗೆ ಕಟ್ಟಿದರೆ ಮಧ್ಯಾಹ್ನ ಊಟವಾದ ಮೇಲೆ ಬಿಚ್ಚುವುದು. ನಡುವೆ ಯಾರಾದರೂ "ಅವ್ವಾ, ಎದ್ದು ಹೋಗ್ಬೇಕು" ಅಂದರೆ "ಅದ್ರಾಗೇ ಹೋಗಿ, ಅದಕ್ಕೇ ಕಟ್ಟಿರೋದು" ಎಂಬ ಉತ್ತರ. ಜೊತೆಗೆ ಸಂಜೆಯಾದ ಮೇಲೆ ನೀರು ಬಂದ್. ನೀರು ಕುಡಿಯದಿದ್ದರೆ ಉಚ್ಚೆ ಬರುವುದಿಲ್ಲ ಎಂಬುದು ಈ ಮಹಾನುಭಾವರ ವಿಜ್ಞಾನ. ಕಡಿಮೆ ಬರುತ್ತದೆ, ಉರಿದುಕೊಂಡು ಬರುತ್ತದೆ, ನಂಜಾಗಿ ಜ್ವರ ಬರುತ್ತದೆ, ಅಷ್ಟೇ. ಮೈ ಉರಿದುಹೋಯಿತು. ಕಂಪ್ಯೂಟರಿನಲ್ಲಿ ತೋರಿಸಲೆಂದು ಮೊಮ್ಮಗಳ ಕೈಯಲ್ಲಿ ಮಾಡಿಸಿಕೊಂಡು ಹೋದ ಚಿತ್ರಗಳನ್ನೆಲ್ಲ ಅಲ್ಲೇ ಬಿಟ್ಟೆ. ಬರ್ರಿ, ಮಂಚದ ಹತ್ತಿರ ಹೋಗೋಣ ಎಂದು ಎಲ್ಲರನ್ನೂ ಎಬ್ಬಿಸಿದೆ.

ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ದಾವಣಗೆರೆಯ ದಲಾಲಿ ಮಂಡಿಯ ಮನೆತನದವರು, ಕುಕ್ಕುವಾಡದ ಕಡೆ ಹೊಲ ಇದ್ದವರು, ಒಂದು ಕಾಲಕ್ಕೆ ಹತ್ತು ಜನ ಹಮಾಲರಿಗೆ ದಿನಾ ಅಡುಗೆ ಮಾಡಿ ಬಡಿಸಿದ ಹೆಂಗಸು. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಆರೈಕೆಗೆಂದು ಇಲ್ಲಿಗೆ ಬಂದಿದ್ದರು. ಎಬ್ಬಿಸಿ ಹಿಡಿದುಕೊಂಡರೆ ನಿಲ್ಲುತ್ತಿದ್ದರು, ನಾಲ್ಕು ಹೆಜ್ಜೆ ಇಡುತ್ತಿದ್ದರು. ಬಚ್ಚಲು ಇರುವುದು ಉದ್ದನೆಯ ವರಾಂಡದ ಆ ತುದಿಗೆ. ಅಲ್ಲಿಯವರೆಗೆ ತಡೆಯಲಾಗುತ್ತಿರಲಿಲ್ಲ.

"ಈ ಅಜ್ಜಿ ಊಟ ಬಿಟ್ಟಾಳ್ರಿ," ಅಂದಳು ಆಯಾ. "ಬರೇ ಹಠ. ಎರಡು ಗುಟುಕು ಹಾಲು, ಅಷ್ಟೇ. ಡಾಕ್ಟ್ರು ಸೋಮವಾರ ಬಂದು ಮೂಗಿನಾಗ ಪೈಪ್ ಹಾಕ್ತೀನಿ ಅಂದಾರ."

ಹಠವಾದರೂ ಯಾಕೆ ಎಂದು ಒಬ್ಬರಾದರೂ ಕೇಳಿರಬೇಕಲ್ಲ! ಊಹೂಂ. ನಾನು ಮಂಚದ ಅಂಚಿಗೆ ಕೂತು ಹಣೆ ಮುಟ್ಟಿದೆ. ವಿಭೂತಿ ಇರಲಿಲ್ಲ. ಅಂಥ ಮನೆಯ, ಆ ವಯಸ್ಸಿನ ಹೆಂಗಸಿನ ಹಣೆ ಬೋಳು ಇರುವುದನ್ನು ನಾನು ಕಂಡಿಲ್ಲ. ಕೊರಳಲ್ಲಿ ಲಿಂಗದ ಕರಡಿಗೆಯೂ ಇಲ್ಲ. ಕಣ್ಣಾಡಿಸಿದರೆ, ಕಿಟಕಿಯ ಚಿಲಕಕ್ಕೆ ಒಂದು ಬಿಳಿ ಬಟ್ಟೆಯ ಗಂಟು ತೂಗುತ್ತಿತ್ತು. ಲಿಂಗ ಕಟ್ಟಿಸಿಕೊಂಡ ದಿನದಿಂದ ಸಾಯುವವರೆಗೆ ಮೈಯಿಂದ ಬೇರೆ ಮಾಡಬಾರದ್ದನ್ನು ಈ ಹೆಂಗಸು ತಾನೇ ಬಿಚ್ಚಿ ಚಿಲಕಕ್ಕೆ ನೇತುಹಾಕಿದ್ದರು.

"ಯಾಕ ತಾಯಿ, ಯಾಕ ತೆಗೆದ್ರಿ?" ಅಂದೆ.

"ಹೇಸಿಗ್ಯಾಗ ಮಲಗೀನಿ," ಅಂದರು ಅಜ್ಜಿ, ಗೋಡೆಗೇ ಹೇಳುವ ಹಾಗೆ. "ಮೈಮ್ಯಾಲೆ ಹೆಂಗೆ ಇಟ್ಕೊಳ್ಳಲಿ? ಅಂಗೈಯಾಗ ಹೆಂಗೆ ಹಿಡಿಲಿ? ಪೂಜೆ ಮಾಡ್ದೆ ನಾನು ಎಂದೂ ಉಂಡಿಲ್ಲವ್ವ."

ಅಷ್ಟೇ ವಿಷಯ. ಒಣಗಿದ ಮೈ, ಒಂದು ಸ್ನಾನ, ಪೂಜೆ, ಆಮೇಲೆ ತಾನಾಗಿಯೇ ಊಟ. ಇದಿಲ್ಲದಿದ್ದರೆ ಸೋಮವಾರ ಮೂಗಿಗೆ ಪೈಪು. ಮ್ಯಾನೇಜರರನ್ನು ಕರೆಸಿದೆ. ಅವರು ಬಂದವರೇ ಮಂಚದ ಬುಡದಲ್ಲಿ ಕೈಕಟ್ಟಿ ನಿಂತು ಪ್ರವಚನ ಶುರುಮಾಡಿದರು.

"ಅಜ್ಜಿ, ಲಿಂಗವಂತರಿಗೆ ಸೂತಕ ಇಲ್ಲ. ನೀವು ತಿಳಿದೋರು. ಮೈಲಿಗೆ ಮನಸ್ಸಿನಾಗ ಇರ್ತೈತೆ ಹೊರ್ತು ಬಟ್ಟ್ಯಾಗಲ್ಲ. ಶರಣರು ಇದನ್ನೇ ಅಲ್ವೇನು ಸಾರಿದ್ದು? ಅದನ್ನ ಕಟ್ಕೊಂಡೇ ಪೂಜೆ ಮಾಡ್ರಿ, ಏನಾಗಲ್ಲ."

ಅಜ್ಜಿ ಮೊದಲ ಸಲ ಗೋಡೆ ಬಿಟ್ಟು ಈ ಕಡೆ ತಿರುಗಿದರು. "ಶರಣರಿಗೆ ಸೂತಕ ಇರ್ಲಿಲ್ಲಪ್ಪ, ಖರೇ. ಹಸಿ ಚಡ್ಡಿ ಕಟ್ಟಿ ಅರ್ಧ ದಿನ ಮಲಗಿಸೋ ನಿನ್ನಂಥ ಮ್ಯಾನೇಜರ್ನೂ ಇರ್ಲಿಲ್ಲ."

ಹುಡುಗಿಯರು ಸೆರಗಿನಲ್ಲಿ ನಕ್ಕರು. ನಾನು ಬಾಯಿಬಿಟ್ಟೇ ನಕ್ಕೆ. ಬಚ್ಚಲವರೆಗೆ ಕರೆದೊಯ್ಯುವ ಎರಡು ಕೈ ಕೊಡಿ ಎಂದು ಕೇಳಿದರೆ ಈ ಪುಣ್ಯಾತ್ಮ ಧರ್ಮ ಕೊಡಲು ಬಂದಿದ್ದರು. ಧರ್ಮಕ್ಕೆ ಖರ್ಚಿಲ್ಲ ನೋಡಿ, ಮೈ ಬಗ್ಗಿಸುವುದೂ ಬೇಕಿಲ್ಲ.

ಅಜ್ಜಿಗೆ ಬೇಕಾದದ್ದು ಮಂಚದ ಪಕ್ಕದಲ್ಲೇ ಒಂದು ಕಮೋಡ್ ಕುರ್ಚಿ. ಇಲ್ಲಿ ಇದೆಯೇ ಎಂದು ಕೇಳಿದೆ. ಆಯಾ ಆಫೀಸಿನ ಕಡೆ ಗಲ್ಲ ಎತ್ತಿ ತೋರಿಸಿದಳು. ಹೋಗಿ ನೋಡಿದೆ. ಆಫೀಸಿನ ಮುಂದಿನ ಹಾಲ್‌ನಲ್ಲಿ, ದೇವರ ಫೋಟೊಗಳ ಕೆಳಗೆ, ಥಳಥಳ ಹೊಳೆಯುವ ಸ್ಟೀಲಿನ ಕುರ್ಚಿ. ಕಾಲಿಗೆ ಗಾಲಿ, ಕೂರಲು ನೀಲಿ ಮೆತ್ತೆ, ಮೆತ್ತೆ ಎತ್ತಿದರೆ ತೂತು, ತೂತಿನ ಕೆಳಗೆ ಒಂದು ಹನಿಯೂ ಕಾಣದ ಡಬ್ಬಿ. ಬೆನ್ನಿಗೆ ಒರಗುವ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ದಿವಂಗತರೊಬ್ಬರ ಹೆಸರು, ಅವರ ಸ್ಮರಣಾರ್ಥ ಮಗನ ಕೊಡುಗೆ ಎಂದು ಬರೆಸಿತ್ತು. ದಾವಣಗೆರೆಯಲ್ಲಿ ಕಬ್ಬಿಣದ ವ್ಯಾಪಾರ ಮಾಡುವ ಮುಸ್ಲಿಂ ಸಾಹೇಬರೊಬ್ಬರು ತಂದೆಯ ಹೆಸರಲ್ಲಿ ಕೊಟ್ಟದ್ದಂತೆ. ನಮ್ಮ ಊರುಗಳಲ್ಲಿ ಫ್ಯಾನಿನ ರೆಕ್ಕೆಗೂ ಬೆಂಚಿಗೂ ಗೋಡೆ ಗಡಿಯಾರಕ್ಕೂ ದಾನಿಗಳ ಹೆಸರು ಇರುತ್ತದೆ, ಅದು ಹೊಸತಲ್ಲ. ಹೊಸತೇನೆಂದರೆ ಈ ಕುರ್ಚಿಗೆ ಪ್ಲಾಸ್ಟಿಕ್ ಹೂವಿನ ಹಾರ ಹಾಕಿದ್ದರು. ಹೆಸರಿನ ಮೇಲೆ ಕುಂಕುಮ. ಕೈಹಿಡಿಯ ಸಂದಿಯಲ್ಲಿ ಊದುಬತ್ತಿ ಸಿಗಿಸಿತ್ತು, ಇನ್ನೂ ಹೊಗೆಯಾಡುತ್ತಿತ್ತು. ಮ್ಯಾನೇಜರರು ದಿನಾ ಬೆಳಿಗ್ಗೆ ದೇವರಿಗೆ ಹಚ್ಚುವಾಗ ಇದಕ್ಕೂ ಒಂದು ಹಚ್ಚುತ್ತಿದ್ದರಂತೆ. ಕಮೋಡಿಗೆ! ನಾನು ತಲೆ ಚಚ್ಚಿಕೊಂಡೆ.

"ಇದನ್ನ ಅಜ್ಜಿ ಮಂಚದ ಹತ್ರ ಕಳಿಸ್ರಿ," ಅಂದೆ.

"ಅಯ್ಯಯ್ಯೋ, ಬ್ಯಾಡ್ರಿ ಮೇಡಂ! ತೀರಿಕೊಂಡ ಹಿರಿಯರ ಹೆಸರು ಐತೆ. ಅದರ ಮ್ಯಾಲೆ ಹೆಂಗ್ರೀ ಕೂಡ್ರಿಸಿ ಅದನ್ನ... ಮಾಡಿಸೋದು? ಅದೂ ಸಾಹೇಬ್ರ ಮಂದಿ. ಅವರ ಭಾವನೆಗೆ ಪೆಟ್ಟು ಬಿದ್ರೆ?"

"ಅವ್ರು ಬ್ಯಾಡ ಅಂದಾರೇನು?"

"ಅವ್ರ್ಯಾಕ ಅಂತಾರ್ರಿ, ನಾವು ತಿಳ್ಕೋಬೇಕು."

ತಿಳಿದುಕೊಳ್ಳುವುದಕ್ಕೇ ಹುಟ್ಟಿದ ಜನ ಇವರು. ಕೇಳುವ ಅಭ್ಯಾಸ ಒಂದು ಬಿಟ್ಟು ಎಲ್ಲ ಅಭ್ಯಾಸವೂ ಇದೆ. ಹಾಗಾದರೆ ತರಬೇತಿ ಆಗಿದೆ ಎಂದು ನಾನು ಸಹಿ ಹಾಕುವುದಿಲ್ಲ, ಬೋರ್ಡಿನಲ್ಲಿ ಏನು ಬೇಕಾದರೂ ಬರೆಸಿಕೊಳ್ಳಿ ಅಂದೆ. ಆ ಮಾತು ನಾಟಿತು. ಬೆನ್ನಿನ ಹಲಗೆಗೆ ಟವೆಲ್ ಸುತ್ತಿ ಹೆಸರು ಮುಚ್ಚಬೇಕು, ಹೊರಗಿನವರಿಗೆ ಕಾಣಬಾರದು ಎಂಬ ಕರಾರಿನ ಮೇಲೆ ಕುರ್ಚಿ ಒಳಗೆ ಬಂತು.

ಆಮೇಲಿನದು ದೊಡ್ಡ ವಿದ್ಯೆಯೇನೂ ಅಲ್ಲ. ಹಗಲು ಧಾರಾಳವಾಗಿ ನೀರು ಕೊಡಿ. ಎದ್ದ ಕೂಡಲೇ ಒಮ್ಮೆ ಕೂರಿಸಿ. ಚಹಾ ಕುಡಿದು ಸ್ವಲ್ಪ ಹೊತ್ತಿಗೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ, ಅವರು ಕೇಳುವವರೆಗೆ ಕಾಯದೆ ನೀವೇ ಹೋಗಿ ಕೇಳಿ. ಕೇಳುವಾಗ ಹಾಲ್‌ಗೆಲ್ಲ ಕೇಳುವ ಹಾಗೆ ಕಿರಚಬೇಡಿ. ಪರದೆ ಎಳೆಯಿರಿ. ಪರದೆ ಎಳೆಯಲು ಹೇಳಿದ್ದಕ್ಕೆ ಒಬ್ಬ ಹುಡುಗಿ "ಅವ್ರಿಗೇನ್ ನಾಚ್ಗೆ ಮೇಡಂ, ವಯಸ್ಸಾಗೈತೆ" ಅಂದಳು. ನಿನ್ನ ನಾಚಿಕೆ ಯಾವ ವಯಸ್ಸಿಗೆ ಮುಗಿಯುತ್ತದೆ, ಈಗಲೇ ಹೇಳಿಬಿಡು, ಆ ದಿನ ನಾನೇ ಬಂದು ನಿನ್ನ ಪರದೆ ಕಿತ್ತುಹಾಕುತ್ತೇನೆ ಅಂದೆ. ಅವಳು ಎಳೆದಳು.

ಮೊದಲ ಎರಡು ದಿನ ಕುರ್ಚಿಯವರೆಗೆ ಬರುವಷ್ಟರಲ್ಲಿ ಅಜ್ಜಿಗೆ ಆಗಿಹೋಗುತ್ತಿತ್ತು. ಸೀರೆ ಬದಲಿಸುವಾಗ ಆಯಾ ಗೊಣಗುತ್ತಿದ್ದಳು. "ಕಟ್ಟಿದ್ರೆ ಒಂದೇ ಕೆಲಸ, ಇದು ನಾಕು ಕೆಲಸ." ಮೂರನೆಯ ದಿನ ಬೆಳಿಗ್ಗೆ ಡಬ್ಬಿಯಲ್ಲಿ ಸದ್ದಾಯಿತು. ಗೊಣಗುತ್ತಿದ್ದ ಅದೇ ಆಯಾ "ಶಭಾಷ್ ನಮ್ಮವ್ವ! ಹೊಡದ್ಲು ನೋಡ್ರೀ!" ಎಂದು ಕೈತಟ್ಟಿ ಕೂಗಿದಳು. ಕಿರಚಬೇಡ ಎಂದು ಇಷ್ಟು ಹೇಳಿದ್ದು ದಂಡ. ಅಜ್ಜಿ "ಏ, ಬಾಯಿ ಮುಚ್ಚ್ಕೊಳ್ಳೇ" ಎಂದು ಗದರಿದರು, ಆದರೆ ಮುಖ ಅರಳಿತ್ತು. ಸ್ನಾನ ಮಾಡಿಸಿದೆವು. ಚಿಲಕದ ಗಂಟು ನಾನೇ ಬಿಚ್ಚಿಕೊಟ್ಟೆ. ಅಜ್ಜಿ ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಬಹಳ ಹೊತ್ತು ನೋಡುತ್ತ ಕೂತರು. ಆಮೇಲೆ ಲಿಂಗದ ಶಿವದಾರ ಕೊರಳಿಗೆ ಹಾಕಿಕೊಂಡು, ಅನ್ನ ಸಾರು ಹಾಕಿಸಿಕೊಂಡು ಉಂಡರು. ಸೋಮವಾರ ಡಾಕ್ಟರು ಪೈಪು ತಂದಿದ್ದರು, ಹಾಗೇ ವಾಪಸ್ ಒಯ್ದರು.

ಅವತ್ತು ಸಂಜೆ ನಾನು ಹೊರಡುವಾಗ ಅಜ್ಜಿ ಕೈ ಹಿಡಿದು ಒಂದು ಮಾತು ಹೇಳಿದರು. "ಇನ್ನೊಂದು ಸಲ ಕೊರಳಿಂದ ತೆಗ್ಯೋ ಪ್ರಸಂಗ ಬಂದ್ರೆ ನಾನು ಮತ್ತೆ ಹಾಕ್ಕೊಳ್ಳಲ್ಲವ್ವ. ನಿನ್ನ ಕೈಗೇ ಕೊಡ್ತೀನಿ, ಹೊಳೆಗೆ ಬಿಟ್ಟುಬಿಡು. ಹಾಕೋದು ತೆಗ್ಯೋದು ಆಟ ಅಲ್ಲ ಇದು." ಊಟ ಬಿಡುತ್ತೇನೆ ಎಂದು ಅವರು ಹೇಳಲಿಲ್ಲ. ಹೇಳುವುದು ಬೇಕಾಗಿರಲಿಲ್ಲ. ಇದನ್ನು ಮ್ಯಾನೇಜರರಿಗೂ ಆಯಾಗಳಿಗೂ ಬಿಡಿಸಿ ಹೇಳಿದೆ. ಎಲ್ಲರೂ ತಲೆ ಆಡಿಸಿದರು.

ತರಬೇತಿ ಮುಗಿದ ಮೇಲೆ ಸಮಾರೋಪ ಸಮಾರಂಭ ಬೇಕೇ ಬೇಕಂತೆ. ಉಚ್ಚೆಗೂ ಸಮಾರೋಪ! ಬೇಡವೆಂದರೂ ಬಿಡಲಿಲ್ಲ. ಬಾಗಿಲಿಗೆ ಬಾಳೆಕಂಬ, ಅಂಗಳಕ್ಕೆ ಶಾಮಿಯಾನ, ಬೆಳಗಿನಿಂದಲೇ ಮೈಕಿನವನ ಹಲೋ ಹಲೋ. ನಾನು ದಾವಣಗೆರೆಯಿಂದ ಬಸ್ಸಿನಲ್ಲಿ ಬಂದು ಇಳಿದಾಗ ಹತ್ತು ಗಂಟೆ ದಾಟಿತ್ತು. ಒಳಗೆ ಹೋಗಿ ಅಜ್ಜಿಯನ್ನು ನೋಡೋಣವೆಂದರೆ, ಗೇಟಿನಲ್ಲೇ ಹಿಡಿದು ನೇರ ವೇದಿಕೆಗೆ ಹತ್ತಿಸಿ ಕೂರಿಸಿದರು. ಮುಖ್ಯ ಅತಿಥಿ ಆ ಕಬ್ಬಿಣದ ಸಾಹೇಬರು. ಐವತ್ತರ ಆಸುಪಾಸಿನ, ಮಾತಿಲ್ಲದ ಮನುಷ್ಯ, ಟೋಪಿ ಸರಿಮಾಡಿಕೊಳ್ಳುತ್ತ ಕೂತಿದ್ದರು. ಅವರನ್ನು ಕಂಡರೇ ನನಗೆ ಸಿಟ್ಟು. ಕೊಡುವುದು ಕಮೋಡು, ಅದರ ಮೇಲೂ ಅಪ್ಪನ ಹೆಸರು ಬರೆಸಿ ಮೆರೆಯುವ ಚಪಲ ಎಂದುಕೊಂಡೆ. ವೇದಿಕೆಯ ಪಕ್ಕದಲ್ಲಿ ಮೇಜಿನ ಮೇಲೆ ಆ ಕುರ್ಚಿ ನಿಂತಿತ್ತು. ತೊಳೆದು, ಒರೆಸಿ, ಟವೆಲ್ ತೆಗೆದು, ಈ ಸಲ ನಿಜವಾದ ಚೆಂಡುಹೂವಿನ ಹಾರ ಹಾಕಿದ್ದರು.

ನೋಡಿದ ಕೂಡಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ, ಶಾಲು ಹೊದಿಸುವ ಗದ್ದಲ. ತಲೆಗೆ ಪೇಟ ಇಟ್ಟರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಫೋಟೊದವನು "ನಗ್ರಿ ಮೇಡಂ" ಅಂದ. ನಗುತ್ತ ಮುಂದೆ ನೋಡಿದರೆ ಮೊದಲ ಸಾಲಿನಲ್ಲಿ ಅಜ್ಜಿ. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಡಿಸಿ ಕೂರಿಸಿದ್ದರು. ಹಣೆ ಬೋಳು.

ಪೇಟವನ್ನು ತಲೆಯ ಮೇಲೇ ಇಟ್ಟುಕೊಂಡು ಮೆಟ್ಟಿಲಿಳಿದೆ. ಅಜ್ಜಿಯ ಮುಂದೆ ಕೂತು ತೊಡೆ ಮುಟ್ಟಿದೆ. ಸೀರೆಯ ಒಳಗೆ ಆ ದಪ್ಪನೆಯ ಡೈಪರು. ಪಕ್ಕದಲ್ಲಿ ನಿಂತಿದ್ದ ಆಯಾ ನೆಲ ನೋಡುತ್ತ ಪಿಸುಗುಟ್ಟಿದಳು. "ಕುರ್ಚಿ ನಿನ್ನೆನೇ ಒಯ್ದ್ರು ಮೇಡಂ, ಸಾಹೇಬ್ರು ಬರ್ತಾರ ಅಂತ. ಪ್ರೋಗ್ರಾಂನಾಗ ವಾಸ್ನೆ ಬರಬಾರ್ದು, ಎಲ್ಲಾರ್ನೂ ಪ್ಯಾಕ್ ಮಾಡ್ರಿ ಅಂದ್ರು. ನಾವೇನ್ ಮಾಡೋಣ್ರಿ?"

ಅಜ್ಜಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಿಳಿ ಬಟ್ಟೆಯ ಗಂಟು ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿದರು. "ಹೊಳೆ ಇಲ್ಲೇ ಐತಲ್ಲವ್ವ," ಅಂದರು.

ನನಗೆ ಅಳು ಬಂತು, ಅಳುವಿಗಿಂತ ಸಿಟ್ಟು ಬಂತು. ಗಂಟು ಹಿಡಿದುಕೊಂಡೇ ವೇದಿಕೆ ಹತ್ತಿ, ಸ್ವಾಗತ ಹೇಳುತ್ತಿದ್ದ ಮ್ಯಾನೇಜರರ ಕೈಯಿಂದ ಮೈಕು ಕಿತ್ತುಕೊಂಡೆ. "ಈ ಕುರ್ಚಿ ಮುದುಕರು ಉಚ್ಚೆ ಹೋಗೋ ಕುರ್ಚಿ," ಅಂದೆ. "ಇದಕ್ಕೆ ಹಾರ ಹಾಕಿ ಇಲ್ಲಿ ನಿಲ್ಲಿಸಿದ್ದಕ್ಕೆ ಆ ತಾಯಿ ನಿನ್ನೆಯಿಂದ ಹಸಿ ಬಟ್ಟೇಲಿ ಕೂತಾರೆ. ಪೂಜೆ ಇಲ್ಲ, ಊಟ ಇಲ್ಲ. ಸಾಹೇಬ್ರೆ, ನಿಮ್ಮ ತಂದೆ ಹೆಸರು ಒಬ್ಬ ಮುದುಕಿ ಉಚ್ಚೆಗಿಂತ ದೊಡ್ಡದಾದ್ರೆ ಈ ಕುರ್ಚಿ ತಗೊಂಡು ಹೋಗಿ ಮನ್ಯಾಗ ಇಟ್ಕೊಳ್ರಿ."

ಮ್ಯಾನೇಜರರು "ಮೇಡಂ, ಮೇಡಂ" ಎನ್ನುತ್ತ ಮೈಕಿಗೆ ಕೈ ಚಾಚಿದರು. ಸಾಹೇಬರು ಎದ್ದರು. ಮುಖ ಕೆಂಪಗಾಗಿತ್ತು. ಹೊರಟೇ ಹೋಗುತ್ತಾರೆ ಎಂದುಕೊಂಡೆ. ಅವರು ಕುರ್ಚಿಯ ಹತ್ತಿರ ಹೋಗಿ, ಹಾರ ತೆಗೆದು, ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಮ್ಯಾನೇಜರರ ಕಡೆ ತಿರುಗಿದರು.

"ಇದಕ್ಕ ಹಾರ ಹಾಕ್ರಿ ಅಂತ ಯಾರ್ ಹೇಳಿದ್ರು ನಿಮಗ?"

"ಸಾಹೇಬ್ರೆ, ನಿಮ್ಮ ತಂದೆಯವರ ಹೆಸರು... ಗೌರವ..."

"ನಮ್ಮ ಅಬ್ಬಾ ಕೊನೇ ವರ್ಷ ನಮಾಜ್ ಬಿಟ್ರು," ಅಂದರು ಸಾಹೇಬರು. ದನಿ ದೊಡ್ಡದೇನಲ್ಲ, ಆದರೆ ಮೈಕು ನನ್ನ ಕೈಯಲ್ಲಿತ್ತು, ಎಲ್ಲರಿಗೂ ಕೇಳಿಸಿತು. "ಬಟ್ಟೆ ಪಾಕ್ ಇರ್ತಿರ್ಲಿಲ್ಲ, ಶುದ್ಧ ಇರ್ತಿರ್ಲಿಲ್ಲ. ಅಂಗಡಿ ಬಿಟ್ಟು ಬಂದು ಎಬ್ಬಿಸೋಕೆ ನಮಗ್ಯಾರಿಗೂ ಪುರುಸೊತ್ತಿರ್ಲಿಲ್ಲ, ಡೈಪರ್ ಕಟ್ಟಿ ಕೂಡ್ರಿಸ್ತಿದ್ವಿ. ಅಜಾನ್ ಕೇಳಿದ್ರೆ ಮುಖ ಆ ಕಡೆ ತಿರುಗಿಸ್ಕೊಳ್ಳೋರು. ಹಂಗೇ ಹೋಗಿಬಿಟ್ರು. ಇಂಥಾ ಕುರ್ಚಿ ಸಿಗ್ತೈತೆ ಅಂತ ಆಮೇಲೆ ಗೊತ್ತಾಯ್ತು ನನಗ. ಅದಕ್ಕೇ ಕೊಟ್ಟಿದ್ದು. ಕೂಡ್ರಿಸ್ಲಿ ಅಂತ ಕೊಟ್ಟಿದ್ದು."

ನಾನು ಮೈಕು ಕೆಳಗಿಟ್ಟೆ. ಸಾಹೇಬರೇ ಕುರ್ಚಿಯನ್ನು ಮೇಜಿನಿಂದ ಇಳಿಸಿ, ಜನರ ನಡುವೆ ತಳ್ಳಿಕೊಂಡು ಅಜ್ಜಿಯ ಹತ್ತಿರ ಬಂದರು. "ಬರ್ರಿ ಅಮ್ಮಾ," ಅಂದರು. ಅಜ್ಜಿ ನನ್ನ ಕಡೆ ನೋಡಿದರು. ನಾನು, ಆಯಾ ಇಬ್ಬರೂ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಅದರಲ್ಲಿ ಕೂರಿಸಿಕೊಂಡು ಒಳಗೆ ಹೋದೆವು. ಹಸಿ ಡೈಪರು ಬಿಚ್ಚಿ, ಪರದೆ ಎಳೆದು, ಬಿಸಿನೀರು ಹಾಕಿ ಮೈ ತೊಳೆದೆವು. ಸಾಹೇಬರು ಬಾಗಿಲ ಹೊರಗೆ ಗೋಡೆ ಕಡೆ ಮುಖ ಮಾಡಿ ನಿಂತೇ ಇದ್ದರು.

ಒಣ ಸೀರೆ ಉಡಿಸಿದ ಮೇಲೆ ನಾನು ಗಂಟು ಮುಂದೆ ಹಿಡಿದೆ. ಅಜ್ಜಿ ಕೈ ಚಾಚಲಿಲ್ಲ. "ಹಾಕ್ಕೊಳ್ಳಲ್ಲ ಅಂದಿದ್ದೆ," ಅಂದರು. ನಾನು ಹಿಡಿದುಕೊಂಡೇ ಕೂತೆ. ಬಲವಂತ ಮಾಡಲು ನನಗೆ ಯಾವ ಹಕ್ಕಿತ್ತು? ಅವರು ಬಾಗಿಲ ಕಡೆ ನೋಡಿದರು. "ಅವರಪ್ಪ ನಮಾಜ್ ಬಿಟ್ಟೇ ಹೋದ್ನೇನು?" ಎಂದು ಕೇಳಿದರು. ಹೌದು ಅಂದೆ. "ಅಯ್ಯೋ ಶಿವನೇ," ಅಂದರು. ಆಮೇಲೆ ಎಡಗೈ ಬಿಚ್ಚಿ ನನ್ನ ಮುಂದೆ ಹಿಡಿದರು. "ಕೊಡು."

ಪೂಜೆ ಮುಗಿಯುವವರೆಗೆ ಹೊರಗೆ ಮೈಕಿನಲ್ಲಿ ಒಂದು ಹಾಡೂ ಬರಲಿಲ್ಲ. ಆಯಾ ತಟ್ಟೆಯಲ್ಲಿ ಬಿಸಿ ಅನ್ನ, ಬೇಳೆಸಾರು ತಂದಳು. ಅಜ್ಜಿ ತಾವೇ ಕಲಸಿ ತುತ್ತು ಬಾಯಿಗಿಟ್ಟರು. ಅಷ್ಟರಲ್ಲಿ ಮ್ಯಾನೇಜರರು ಪರದೆ ಸರಿಸಿ ತಲೆ ಹಾಕಿದರು.

"ಮೇಡಂ, ಜನ ಎದ್ದು ಹೊಂಟಾರ. ಪೂರಾ ಪ್ರೋಗ್ರಾಂ ಹಾಳಾಗಿಹೋತಲ್ರೀ..."

ಅಜ್ಜಿ ತಲೆ ಎತ್ತಲಿಲ್ಲ. "ಅವನಿಗೆ ಹೇಳವ್ವ," ಅಂದರು ನನಗೆ. "ಉಣ್ಣಾಕ ಕುಂತೀನಿ, ಪರದೆ ಹಾಕಿ ಹೋಗು ಅಂತ."

ಹೇಳಿದೆ.